ಹಾಜರಿ

ಶಹಾಬಾದದಾಗ, ಸಿಮೆಂಟ್ ಕಂಪನಿ ಕ್ಲಬ್ಬಿನ ಹಿಂದ
ಎರಡು ಬೇವಿನ ಗಿಡದ ನಡುವ ಪರದಿ ಕಟ್ಟತಿದ್ರು.
ಪರದಿ ಅಂದ್ರ ದವಾಖಾನಿ ಚಾದರ,
ಎರಡು ಕೂಡಿಸಿ ಹೊಲದದ್ದು.
ಹೊಲಿಗಿ ನಟ್ಟನಡುವ ಬರ್ತಿತ್ತು,
ಯಾರು ಬಂದು ನಿಂತ್ರೂ ಮುಖ ಒಂದೀಟು ಸೀಳಿದಂಗ.

ಸಾಹೇಬರು ಮುಂದ, ಬೆತ್ತದ ಕುರ್ಚಿಮ್ಯಾಲ.
ನಾವು ಪರದಿ ಹಿಂದ, ಫರಸಿ ಚೂರಿನ ಗುಡ್ಡಿಮ್ಯಾಲ.
ಅಲ್ಲಿಂದ ಎಲ್ಲಾ ಉಲ್ಟಾ:
ಎಡಗೈಲೆ ಕೈ ಕುಲುಕವರು, ಎಡಗೈಲೆ ಉಣ್ಣವರು.
"ದೊರಿಗಳ ದೇಶದಾಗ ಹಂಗೇ ಇರ್ತದ" ಅಂದ ನಮ್ಮಪ್ಪ.
ನಾವು ಹೌದಂದ್ವಿ.

ಆ ಸಲ ಬಂದದ್ದು ಅಮೇರಿಕಾದ್ದು.
ಹೆಸರು ಅವತ್ತೂ ತಿಳಿಲಿಲ್ಲ, ಇವತ್ತೂ ನಾಲಿಗಿಗೆ ಬರಂಗಿಲ್ಲ.
ಏಳು ವರ್ಷದ ಹುಡುಗಿ, ಮುಂದಿನ ಹಲ್ಲೊಂದು ಬಿದ್ದದ,
ಬಾಡಿಗಿ ಕೊಡಲಾರದ ಮುದುಕನ ಪಿಟೀಲು
ಮನಿ ಮಾಲಕಳು ಕಸಗೊಂಡಾಳ,
ಅದನ್ನ ಬಿಡಸ್ಲಿಕ್ಕ ಈ ಕೂಸು ಕುಣಿಬೇಕು.
ಮಿಶಿನ್ ದಸ್ತಗೀರ ನಮ್ಮ ಸಲುವಾಗಿ ಆ ಕಡಿಂದ ಒದರ್ತಿದ್ದ:
"ಈಗ ಮುದುಕನ್ನ ಹೊರಗ ಹಾಕ್ತಾರ!
ಅಳಬ್ಯಾಡ್ರೆವ್ವ, ಹಾಡು ಬರ್ತದ, ಛಲೋ ಆಗ್ತದ!"
ಸಾಹೇಬ ಒಬ್ಬಾತ ಶ್ ಅಂದ.

ಆಕಿ ಕುಣಿದಳು.
ಟಕ ಟಕ, ಟಕಟಕ ಟಕ.
ಖಣಿಯಾಗ ಎಪ್ಪತ್ತು ಸುತಗಿ ಕೂಡಿ ಮಾಡೋ ಸಪ್ಪಳ
ಒಬ್ಬಾಕಿ ಕಾಲಾಗ.

ಮರುದಿನ ಸೋಡಾ ಬಾಟಲಿ ಬಿಲ್ಲಿ ನಾಕು
ಸುತಳಿಲೆ ಅಂಗಾಲಿಗೆ ಕಟ್ಟಿಕೊಂಡು
ಹೊಸಾ ಫರಸಿಮ್ಯಾಲ ಹತ್ತಿದೆ ನಾನು.
ಗಟ್ಟಿ ಕಲ್ಲು ಹಾಡ್ತದ, ಒಡಕ ಕಲ್ಲು ಗೊರ್ ಅಂತದ,
ಇದು ಖಣಿ ಮಕ್ಕಳಿಗೆ ಮೊದಲನೇ ಪಾಠ.
ಮೊದಲು ಹಾಡಿತು. ಆಮ್ಯಾಲ
ಗೊರ್ ಅಂತು.

ಮುಕಾದಮ ಸಾಬಣ್ಣ ಅರ್ಧ ದಿನದ ಕೂಲಿ ಕಡಿದ.
ನಂದಲ್ಲ. ನನ್ನ ಹೆಸರೇ ಪಟ್ಟ್ಯಾಗ ಇರ್ಲಿಲ್ಲ.
ನಾ ಹೊತ್ತ ಬುಟ್ಟಿ ಎಲ್ಲಾ ನಮ್ಮವ್ವನ ಲೆಕ್ಕದಾಗ,
ಅವ್ವನ ಹೆಬ್ಬೆಟ್ಟಿನ ಕೆಳಗ.

ಸಂಜಿಗೆ ದಸ್ತಗೀರ ಚಾ ಕುಡಿಲಿಕ್ಕ ಬಂದಾಗ
ನಮ್ಮಪ್ಪ ಕೇಳಿದ:
"ಆ ಕೂಸು ಎಷ್ಟು ಸಲ ಕುಣಿದಿರಬೇಕೋ ಅದಕ್ಕ?"
"ಸಮ ಬರೋತನ."
"ಹಾಜರಿ ಯಾರ ಹೆಸರ್ಲೆ?"
ದಸ್ತಗೀರ ಬಶಿಯಾಗಿನ ಚಾ ಊದಿದ, ಊದಿದ.
"ಅವರವ್ವನ ಹೆಸರ್ಲೆ ಇರಬೇಕು ಭೀಮಶಾ."

ಆಗ ನೆನಪಾತು ನನಗ.
ಕುಣಿಯೋಕಿಂತ ಮೊದಲು, ಒಂದೇ ಒಂದು ಕ್ಷಣ,
ಆಕಿ ಮುದುಕನ್ನ ನೋಡಲಿಲ್ಲ,
ಮನಿ ಮಾಲಕಳನ್ನ ನೋಡಲಿಲ್ಲ.
ಪರದಿ ಆಚಿಗೆ ನಿಂತ ಯಾರನ್ನೋ ನೋಡಿದಳು,
ನಗಲೇನು, ಅಂಬೋ ಹಂಗ.
ಆ ನೋಟ ನನಗ ಗೊತ್ತು.
ಬುಟ್ಟಿ ಇಳಿಸಿ, ಕುಂದ್ರಬೇಕಂದ್ರ
ನಾ ಸಾಬಣ್ಣನ ಕಡಿ ನೋಡತಿದ್ದದ್ದು ಹಂಗೇ.
ಎಡಕ್ಕ ನೋಡಿದಳು ಆಕಿ. ಎಡಕ್ಕ ನಮ್ಮ ಖಣಿ.
ಕತ್ತಲಾಗ ಏನು ಕಂಡಿತೋ.

ಸುತಳಿ ಬಿಚ್ಚಿದೆ. ಬಿಲ್ಲಿ ಒಗಿಲಿಲ್ಲ,
ಅವ್ವನ ಸಂದೂಕದಾಗ ಎಷ್ಟೋ ದಿನ ಇದ್ವು.

ಈಗ ಖಣಿ ತುಂಬ ನೀರು, ಹುಡುಗರು ಈಸಾಡ್ತಾರ.
ಮೊನ್ನೆ ಮೊಮ್ಮಗಳು ರೇಷ್ಮಾ
ಪಿಟೀಲು, ಮುದುಕ, ಬಿದ್ದ ಹಲ್ಲು ಅಂತ ನಾ ಹೇಳಿದ್ದು ಕೇಳಿ ಕೇಳಿ
ಫೋನಿನ್ಯಾಗ ಆ ಸಿನೆಮಾ ಹುಡುಕಿ ಕೊಟ್ಟಳು.
ಹೊಲಿಗಿ ಇಲ್ಲದ ಮುಖ, ಬಲಗೈಲೆ ಉಣ್ಣೋ ಮಂದಿ.
ದಸ್ತಗೀರ ಇಲ್ಲ, ಅದಕ್ಕ ಯಾರೂ ಸಮಾಧಾನ ಹೇಳಲಿಲ್ಲ,
ಅಳು ಬಂತು.

ಆ ಕ್ಷಣ ಬಂತು.
ಆಕಿ ಬಲಕ್ಕ ನೋಡಿದಳು!
ಬಲಕ್ಕ ಏನದ? ನಮ್ಮ ಮನಿ ಗ್ವಾಡಿ,
ಗ್ವಾಡಿಗೆ ಕ್ಯಾಲೆಂಡರು.
ಅರವತ್ತು ವರ್ಷ ತಿಳಕೊಂಡಿದ್ದೆ,
ನನ್ನ ಕಡಿ ನೋಡಿ ಕೇಳಿದಳು ಅಂತ.

ಫೋನು ತಿರುವಿ ಹಿಂದಿನಿಂದ ನೋಡಿದೆ.
"ಅಜ್ಜೀ, ಅಲ್ಲೇನು ಕಾಣ್ತದ ನಿನಗ?"
ರೇಷ್ಮಾ ಬಿದ್ದು ಬಿದ್ದು ನಕ್ಕಳು.
ಕರ್ರಗ ಇತ್ತು.
ನನ್ನದೇ ಹೆಬ್ಬೆಟ್ಟಿನ ಗುರುತೊಂದು ಮೂಡಿತ್ತು.