ತಳ್ಳುಗಾಡಿಯ ತಳದಲ್ಲಿ

ಡಂಡೀ ಊರಿನ ಈ ಅಂಗಡಿಯಂಗಳದಲ್ಲಿ
ಹನ್ನೊಂದು ವರ್ಷದಿಂದ ನನ್ನ ಕೆಲಸ
ಚದುರಿದ ತಳ್ಳುಗಾಡಿಗಳನ್ನು ಒಂದರೊಳಗೊಂದು ತೂರಿಸಿ
ಟೇ ನದಿಯ ಗಾಳಿಗೆದುರಾಗಿ ನೂಕುವುದು.
ಅವುಗಳ ತಳದಲ್ಲಿ
ಈರುಳ್ಳಿ ಸಿಪ್ಪೆ, ಮಗುವಿನ ಒಂಟಿ ಕೈಗವಸು,
ಮತ್ತೆ ಚೀಟಿಗಳು.

ಓದಬಾರದು ಅಂತ ಯಾರೂ ಹೇಳಿಲ್ಲ.

‘ಹಾಲು. ನೀಲಿ ಮುಚ್ಚಳದ್ದಲ್ಲ, ಹಸಿರು. ಹಸಿರು!’
ಎರಡನೆಯ ಹಸಿರಿನಡಿ ಗೆರೆಯೆಳೆದು ಕಾಗದ ಹರಿದಿದೆ.
ಹಿಂದಿನ ವಾರ ಯಾರೋ ನೀಲಿ ಒಯ್ದಿರಬೇಕು, ಪಾಪ.

ಇನ್ನೊಂದು, ದಂತವೈದ್ಯರ ಪತ್ರದ ಬೆನ್ನಿಗೆ:
ಓಟ್ಸು, ಬಟಾಣಿ, ಮಿಠಾಯಿ,
ಕೊನೆಗೆ, ಬೇರೆ ಶಾಯಿಯಲ್ಲಿ,
‘ಇಶ್ಬೆಲ್‌ಗೆ ಏನಾದರೂ’.
ಏನಾದರೂ ಎಂಬುದು ಯಾವ ಕಪಾಟಿನಲ್ಲಿ ಸಿಗುತ್ತದೆ?
ನನ್ನನ್ನು ಕೇಳಿದ್ದರೆ ಹೂವಿನ ಬಕೆಟ್ಟು ತೋರಿಸುತ್ತಿದ್ದೆ,
ಬಾಗಿಲ ಬಲಕ್ಕೆ, ಸಂಜೆ ಆರರ ಮೇಲೆ ಅರ್ಧ ಬೆಲೆ.

‘ಓದುವುದಕ್ಕೆ ಬೇರೇನೂ ಸಿಗಲಿಲ್ಲವೇ ಅಜ್ಜಾ’
ನಗುತ್ತಾನೆ ಸ್ಟ್ರೂಅನ್. ಹತ್ತೊಂಬತ್ತು ಅವನಿಗೆ.
ಅವನ ಪಟ್ಟಿಯೆಲ್ಲ ಫೋನಿನಲ್ಲಿ,
ಗಾಳಿಗೆ ಹಾರುವುದಿಲ್ಲ.

ನವೆಂಬರಿನಲ್ಲಿ ಸಿಕ್ಕಿತು
ಲಕೋಟೆಯ ತುಂಡೊಂದು, ಪೆನ್ಸಿಲ್ಲಿನ ಓರೆ ಅಕ್ಷರ:
ಬೆಕ್ಕಿಗೆ ಎರಡು ವಾರದ ಊಟ.
ಹಗ್ಗ, ಆರು ಮೀಟರು.

ತನಗೆಂದು ಬ್ರೆಡ್ಡಿಲ್ಲ, ಚಹಾಪುಡಿ ಇಲ್ಲ.

ಅವತ್ತು ಗಾಡಿಗಳ ಸಾಲು ಕೈತಪ್ಪಿ
ಯಾರದೋ ಕಾರನ್ನು ಗೀರಿತು.
ಯಾರಿಗೆ ಹೇಳಲಿ? ಪೊಲೀಸರಿಗೆ,
ಸ್ವಾಮಿ, ಬೆಕ್ಕಿನ ಊಟ, ಎರಡು ವಾರದ್ದು, ಎಂದೇ?
ಹೆಂಡತಿ ಬಡಿಸಿದ ಸೂಪು ತಣ್ಣಗಾಯಿತು.
ಮರುದಿನದಿಂದ ಆ ಓರೆ ಅಕ್ಷರವನ್ನೇ
ಜನರಲ್ಲಿ ಹುಡುಕಿದೆ:
ಓರೆ ಟೋಪಿ, ಓರೆ ಭುಜ, ಓರೆ ನಡಿಗೆ.
ಗಾಳಿಯ ಊರಿದು, ಎಲ್ಲರೂ ಓರೆಯೇ.

ಒಂಬತ್ತನೆಯ ದಿನ, ಬಸ್‌ಸ್ಟಾಪಿನ ಬಳಿ ಬಿಟ್ಟುಹೋದ ಗಾಡಿಯಲ್ಲಿ,
ಅದೇ ಕೈ, ಅದೇ ಪೆನ್ಸಿಲ್ಲು:
‘ಬಟ್ಟೆ ಕ್ಲಿಪ್ಪು. ಮರದ್ದೇ.
ಪ್ಲಾಸ್ಟಿಕ್ಕಿನದು ಗಾಳಿಗೆ ನಿಲ್ಲುವುದಿಲ್ಲ.’

ಜಿಟಿಜಿಟಿಯಲ್ಲಿ ನಿಂತು ಒಬ್ಬನೇ ನಕ್ಕೆ,
ಆಮೇಲೆ ನಾಚಿಕೆಯಾಯಿತು.
ಅವರು ಅಂಗಿ ಒಣಹಾಕುವ ಹಗ್ಗಕ್ಕೆ
ಕುಣಿಕೆ ಹಾಕಿ ಕೂತವನು ನಾನು.
ಬೆಕ್ಕಿನ ಊಟವೋ, ಆಗ ನೆನಪಾಯಿತು,
ಆ ವಾರ ಒಂದು ಕೊಂಡರೆ ಇನ್ನೊಂದು ಉಚಿತ.

ಓದುವುದನ್ನು ಬಿಟ್ಟಿದ್ದೇನೆ ಅನ್ನಲಾರೆ.
ಇವತ್ತು ನನ್ನ ಜೇಬಿನಲ್ಲೂ ಒಂದಿದೆ, ಹೆಂಡತಿಯ ಬರಹ:
‘ಸೂಪಿನ ಮೂಳೆ. ಕ್ಯಾರೆಟ್ಟು ಮೂರು.
ಈ ಸಲ ಬಿಸಿಯಿರುವಾಗಲೇ ಉಣ್ಣು.’
ಕೊಂಡಾದ ಮೇಲೆ
ಇದನ್ನು ಗಾಡಿಯಲ್ಲಿ ಬಿಡುವುದೋ ಬೇಡವೋ
ಇನ್ನೂ ತೀರ್ಮಾನಿಸಿಲ್ಲ.