ಬಲಗಡೆಯ ವಾದ್ಯಗಳು

ಮನಾಮಾದ ಗುದೈಬಿಯಾ, ಗುರುವಾರ ರಾತ್ರಿ ಹತ್ತು.
ಬೋನಿಫಾಸನ ಎ.ಸಿ. ರಿಪೇರಿ ಅಂಗಡಿಯ ಶಟರು
ಮೊಣಕಾಲಿನವರೆಗೆ ಇಳಿದಿದೆ.
ಬಗ್ಗಿ ಒಳಬಂದವರಷ್ಟೇ ನಮ್ಮವರು.

ಸಂಬಳ ಆಯಿತೆ, ವೀಸಾ ಏನಾಯಿತು,
ಅದೆಲ್ಲ ಶಟರಿನ ಆಚೆಗೆ.
ಇಲ್ಲಿ ಒಂದೇ ಕುಶಲಪ್ರಶ್ನೆ:
ಈ ವಾರ ಏನು ಕೇಳಿದೆ?

ಸಲೂನಿನ ತ್ಸೆಹಾಯ್ ಮೊದಲು ಹೇಳುತ್ತಾಳೆ,
ಬೆರಳುಗಳಲ್ಲಿ ಇನ್ನೂ ಕೂದಲ ಬಣ್ಣದ ವಾಸನೆ.
ಅದಿಸ್ ಅಬಾಬಾದಿಂದ ತಂಗಿ ಕಳಿಸಿದ ರೆಕಾರ್ಡಂತೆ.
ಮುಳ್ಳಿಡುತ್ತಾಳೆ. ಐದೇ ಸ್ವರ, ಅರೆ!
ನಮ್ಮ ಗದಗಿನ ಮಾಸ್ತರರು ಸಂಜೆ ಹಾಡುತ್ತಿದ್ದ ಭೂಪ
ಮನೆ ಬಿಟ್ಟು ಓಡಿಹೋಗಿ
ಸಿಗರೇಟು ಸೇದಲು ಕಲಿತ ಹಾಗಿದೆ.

ರೊಹೆಲ್ಯೊ ಹತ್ತೊಂಬತ್ತು ವರ್ಷ
ಹೋಟೆಲೊಂದರ ಲಾಂಜಿನಲ್ಲಿ ಬಾಸ್ ನುಡಿಸಿದವ.
ಈಗ ಅಲ್ಲಿ ಪರದೆ, ಫುಟ್‌ಬಾಲು.
ಅವನು ಕೇಳಿದ್ದು ಯಾವುದೋ ಕ್ಲಬ್ಬಿನಲ್ಲಿ ಹಿಡಿದ ತ್ರಯದ ಆಲ್ಬಂ.
ಮೂರನೆಯದರಲ್ಲಿ, ಬಾಸ್ ಒಂಟಿಯಾಗಿದ್ದಾಗ,
ಯಾರದೋ ಕೈಜಾರಿ ಲೋಟ ಒಡೆಯುತ್ತದೆ.
‘ನುಡಿಸಿದವರ ಹೆಸರು ಹಿಂದೆ ಅಚ್ಚಾಗಿದೆ,
ಆ ಲೋಟ ಬೀಳಿಸಿದವನದ್ದು ಬೇಕಿತ್ತು ನನಗೆ,
ತಾಳಕ್ಕೆ ಸರಿಯಾಗಿ ಬೀಳಿಸಿದ್ದಾನೆ.’

ನನ್ನ ಸರದಿ. ಎರಡು ಪಾಳಿ ದುಡಿದ ವಾರ,
ಲಿಫ್ಟಿನ ಗುಂಯ್ ಬಿಟ್ಟರೆ ಏನೂ ಕೇಳಿಲ್ಲ.
ಹೇಳಲು ನಾಚಿಕೆ. ನೀಲಿ ಹೊದಿಕೆಯ ಒಂದು ಆಲ್ಬಂ ಅಂದೆ,
ಅಂಗಡಿಯ ಗಾಜಿನಾಚೆ ಕಂಡದ್ದು.
‘ಎರಡನೆಯ ಬದಿ ಹೇಗಿದೆ?’ ಅಂದ ರೊಹೆಲ್ಯೊ.
ನಾನು ಚಹಾ ಕುಡಿದೆ.
ಖಾಲಿಯಾದ ಮೇಲೂ ಕುಡಿದೆ.

ದಾಮುದಿ ಮಾತಾಡಿರಲಿಲ್ಲ.
ಭಟ್ಕಳದವರು; ಹಿದ್ದಿನ ಹಡಗುಕಟ್ಟೆಯಲ್ಲಿ
ಮೂವತ್ತೊಂದು ವರ್ಷ ತುಕ್ಕು ಕೆತ್ತಿದವರು.
ಯಾವತ್ತೂ ಮೊದಲ ಉತ್ತರ ಅವರದೇ.
‘ಅರ್ಧ ಆಲ್ಬಂ ಕೇಳಿದೆ.’
ಯಾವ ಬದಿ?
‘ಬದಿಯಲ್ಲ. ಎಡದ ಅರ್ಧ.’

ಬಲಗಿವಿ ಮೊದಲು ಶಿಳ್ಳೆ ಹಾಕುತ್ತಿತ್ತಂತೆ,
ರಮಜಾನಿನ ಹೊತ್ತಿಗೆ ಅದನ್ನೂ ನಿಲ್ಲಿಸಿತಂತೆ.
ಸ್ಟೀರಿಯೋ ಹೊಸದಾಗಿದ್ದ ಕಾಲದ ರೆಕಾರ್ಡು,
ಪಂಕ್ತಿಭೇದ ಮಾಡಿ ಕೂರಿಸಿದ್ದಾರೆ:
ಡ್ರಮ್ಮು, ಪಿಯಾನೋ ಈಚೆ,
ತುತ್ತೂರಿ, ಸ್ಯಾಕ್ಸೊಫೋನು ಆಚೆ.
ಹೆಡ್‌ಫೋನು ಹಾಕಿ ಕೂತರೆ
ಸ್ಯಾಕ್ಸೊಫೋನು ಬರುವ ಜಾಗ ಬಂತು,
ಪಿಯಾನೋ ಸರಿದು ದಾರಿ ಬಿಟ್ಟಿತು,
ಯಾರೂ ಬರಲಿಲ್ಲ.

ಕಂಪ್ರೆಸರೊಂದು ತಟ್ಟನೆ ನಿಂತು
ನಮ್ಮ ಮೌನ ನಮಗೇ ಕೇಳಿಸಿತು.

‘ಆದರೆ ಮಾರಾಯ್ರೇ,’ ಅಂದರು,
‘ಉಳಿದವರು ಊದುವಾಗ ಆ ಪಿಯಾನೋದವ
ಹಿಂದೆ ಏನು ಮಾಡ್ತಿದ್ದ ಅಂತ
ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ!’

ಬೋನಿಫಾಸ ಆಗಲೇ ಇಕ್ಕಳ ಹುಡುಕುತ್ತಿದ್ದ.
ತಂತಿ ಎರಡನ್ನೂ ಹೊಸೆದು ಒಂದು ಮಾಡುವೆ,
ಎಲ್ಲ ಒಂದೇ ಕಿವಿಗೆ ಬರುತ್ತದೆ, ಐದು ನಿಮಿಷದ ಕೆಲಸ.
ದಾಮುದಿ ಕೈ ಅಡ್ಡ ಹಿಡಿದರು.
‘ಬೇಡ. ಮುಂದಿನ ವಾರ ಹೆಡ್‌ಫೋನು ತಿರುವಿ ಹಾಕುತ್ತೇನೆ.
ಬಲದವರು ಬರಲಿ, ಎಡದವರಿಗೆ ರಜೆ.
ಒಂದರ ದುಡ್ಡಿಗೆ ಎರಡು ಆಲ್ಬಂ,
ಈ ವ್ಯಾಪಾರ ನಿಮಗೆ ಗಿಟ್ಟುತ್ತದಾ?’
ನಕ್ಕರು. ತ್ಸೆಹಾಯ್ ನಗಲಿಲ್ಲ,
ಎದ್ದು ಅವರ ಎಡಕ್ಕೆ ಬಂದು ಕೂತಳು.

ಕೋಣೆಗೆ ಹಿಂತಿರುಗುವಾಗ
ಬಲಗಿವಿಗೆ ಬೆರಳು ತುರುಕಿ ನಡೆದೆ.
ಆಗಸ್ಟಿನ ಗಾಳಿ, ಒದ್ದೆ ಟವೆಲಿನಷ್ಟು ಭಾರ.
ಹಿಂದಿನಿಂದ ಹಾರ್ನು ಕೇಳಿತು, ಜೋರಾಗಿಯೇ.
ಯಾವ ಕಡೆಯದೆಂದು ತಿಳಿಯಲಿಲ್ಲ.
ಎಡಕ್ಕೆ ಸರಿದೆ.
ಅದು ಎಡಗಡೆಯೇ ಇತ್ತು.