ಎಕೋ ಸೊನ್ನೆ

ಬ್ಯಾಡಗಿ ಪ್ಯಾಟ್ಯಾಗ ನಂದೊಂದು ಬಾಡಿಗಿ ಸೌಂಡು.
ಎಂಟು ಡಬ್ಬಿ, ನಾಕು ಮೈಕು, ಅದರಾಗೊಂದು ಕಿವುಡು.
ಮದಿವಿ, ಉರುಸು, ಮಾಸ್ತರಗಳ ನಿವೃತ್ತಿ ಸನ್ಮಾನ,
ಯಾರ ದನಿ ಇರಲಿ, ನನ್ನ ಬೆರಳು ದಾಟೇ ಊರಿಗೆ ಹೋಗೂದು.

ಕಮ್ಮಾರ ಮಧುಮತಿ ಟೀವ್ಯಾಗ ಬಂದ ವರ್ಷ
ಆಕಿ ಮೆಣಸಿನಕಾಯಿ ತುಂಬು ಬಿಡಸೂದನ್ನ ತೋರಿಸಿದರು.
ಖರೆ ಹೇಳಬೇಕಂದ್ರ ಆಕಿ ಮೊಬೈಲ್ ಅಂಗಡ್ಯಾಗ
ರೀಚಾರ್ಜ್ ಮಾಡ್ತಿದ್ಲು. ತುಂಬು ಬಿಡಸಾಕಿ ಅವರವ್ವ.
ಕ್ಯಾಮರಾದವರು ಮಗಳನ್ನ ಕೆಂಪು ರಾಶಿ ಮುಂದ ಕೂಡ್ರಿಸಿ,
ಅವ್ವನ ಕೆಮ್ಮು ಸರಿ ಬರಲಿಲ್ಲಂತ
ಮೂರು ಸಲ ಕೆಮ್ಮಿಸಿದರು.
ನಾಕನೇದು ತಾನಾಗೇ ಬಂತು.
ಕ್ಯಾಮರಾ ಆಗಲೇ ಚೀಲದಾಗಿತ್ತು.

ತೀರ್ಪುಗಾರರ ಕಣ್ಣಾಗ ನೀರು.
ಮೆಣಸಿನಕಾಯಿಗೆ ನೀರಾಡದ ಕಣ್ಣು ನಮ್ಮೂರಾಗಿಲ್ಲ,
ಅದಕ ನಾವ್ಯಾರೂ ಅದನ್ನ ಲೆಕ್ಕಕ್ಕ ಹಿಡೀಲಿಲ್ಲ.
ಆದರೂ ಓಟು ಹಾಕಿದಿವಿ.
ದಲಾಲಿ ಅಂಗಡಿ ಹುಡುಗರು ಒಬ್ಬೊಬ್ಬರು ಐದೈದು ನಂಬರಿನಿಂದ.
ಐದನೇದಕ್ಕ ನಿಂತಳು.
ಗೆದ್ದಾವ ಯಾರಂತ ಈಗ ಕೇಳಿದರ
ತಲಿ ಕೆರಕೋತಾರ ಎಲ್ಲಾರೂ.

ಆಮ್ಯಾಲೆ ಶುರುವಾತು ನೋಡ್ರಿ, ಊರಿನ ಕಿವಿ.
ಗಿರ್ಮಿಟ್ ಅಂಗಡಿ ಚೆನ್ನವೀರ ಅಂದ:
"ಟೀವ್ಯಾಗ ಕೇಳಿದಂಗ ಇಲ್ಲಿ ಕೇಳಂಗಿಲ್ಲಲೇ,
ಅಲ್ಲೇನೋ ಮಷೀನ್ ಹಚ್ಚಿರತಾರ."
ಪೇಟಿ ಮಾಸ್ತರ ಗುರುಪಾದಯ್ಯ
"ಹದಿನೈದು ವರ್ಷ ಒಂದು ಸಾ ಹಿಡಕೊಂಡು ಕುಂತೇನಿ ನಾನು,
ಇವರದು ಹದಿನೈದು ವಾರ"
ಅಂದು ಎಲಿ ಉಗುಳಿದರು.
ಮೊಮ್ಮಗಳ ಹೆಸರು ಈ ಸಲದ ಆಡಿಷನ್ನಿಗೆ ಬರಸ್ಯಾರ, ಆ ಮಾತು ಬ್ಯಾರೆ.
ಬಸ್ ಸ್ಟ್ಯಾಂಡಿನ್ಯಾಗ ಒಬ್ಬಾಕಿ:
"ನಾನು ಓಟು ಹಾಕೇನಿ, ಒಂದು ಸೆಲ್ಫಿಗೆ ನಗಾಕ ಏನು ಧಾಡಿ?"

ಮೊದಲ ವರ್ಷ ನಲವತ್ತು ಸಾವಿರ, ಮನಿ ಮುಂದ ಕಾರು.
ಮುಂದ ಹನ್ನೆರಡು, ಬಸ್ ಚಾರ್ಜು ಕೂಡಿಸಿ.
ಈಗ, "ನಮ್ಮ ಹುಡುಗಿ ಅಲ್ಲೇನವ್ವ ನೀನು,
ಒಂದು ಶಾಲು ಹೊಚ್ತೀವಿ ಬಾ."
ಎಲ್ಲಿ ಹೋದರೂ ಅದ ಒಂದು ಹಾಡು,
ತೀರ್ಪುಗಾರರು ಅತ್ತ ಹಾಡು.

ಮೊನ್ನೆ ಹಾನಗಲ್ಲಿನ ಗಣಪತಿ ಪೆಂಡಾಲಿನ್ಯಾಗ
ನನ್ನ ಹತ್ರ ಬಂದು ಬಗ್ಗಿ ಕಿವ್ಯಾಗ ಅಂದಳು:
"ದಾವಲ ಕಾಕಾ, ಈಗಿಂದು ನಂದೇ ಹಾಡು. ಎಕೋ ಬ್ಯಾಡ."
ಎಕೋ ಅಂದ್ರ ಹಳೇ ಗ್ವಾಡಿಗೆ ಸುಣ್ಣ ಇದ್ದಂಗ,
ಎಂಥಾ ಬಿರುಕಿದ್ದರೂ ನುಂಗತೈತಿ.
ಮೂವತ್ತು ವರ್ಷದಾಗ ಬ್ಯಾಡ ಅಂದವರು ಇಬ್ಬರೇ,
ಅದರಾಗೊಬ್ಬ ಕುಡದಿದ್ದ.

ಗುಂಡಿ ಸೊನ್ನೆಗೆ ತಿರುವಿದೆ.
ದನಿ ಬಂತು,
ಒಣಗಿದ ಮೆಣಸಿನಕಾಯಿ ಅಲುಗಿಸಿದರ
ಒಳಗ ಬೀಜ ಸಪ್ಪಳಾಗತಾವಲ್ಲ, ಹಂಗ.
ಉರಿಯೋ ಬೆರಳು ಮಜ್ಜಿಗ್ಯಾಗ ಅದ್ದಿ
ಗ್ವಾಡಿಗೆ ಆತು ಕುಂತು ನಿದ್ದಿ ಮಾಡೂ ಹೆಣಮಗಳೊಬ್ಬಾಕಿ
ಇದ್ದಳು ಆ ಹಾಡಿನ್ಯಾಗ. ಹೆಸರಿರಲಿಲ್ಲ.
ಕೆಮ್ಮೂ ಇರಲಿಲ್ಲ.

"ಆ ಹಾಡು ಹಾಡವ್ವೋ!" ಹಿಂದಿನಿಂದ ಸಿಳ್ಳಿ.
ಮುಂದಿನ ಸಾಲಿನ್ಯಾಗ ನಾಕು ಖುರ್ಚಿ ಖಾಲಿ ಆದುವು.
ಕಮಿಟಿ ಮನಿಷ್ಯಾ ನನಗ ಕೈ ಮಾಡಿ
"ಎಕೋ, ಎಕೋ" ಅಂದ.
ನಾನು ಬಗ್ಗಿ ಯಾವುದೋ ವೈರು ಹುಡಕಿದೆ.
ಬಾಳ ಹೊತ್ತು ಹುಡಕಿದೆ.

ರಾತ್ರಿ ಒಂದಕ್ಕ ಡಬ್ಬಿ ಟೆಂಪೋಕ್ಕ ಏರಸಾಕತ್ತಿದ್ವಿ.
ಶಾಲು ಬಗಲಾಗ ಹಿಡಕೊಂಡು ನಿಂತಿದ್ದಳು.
"ಹೆಂಗಿತ್ತು ಕಾಕಾ?"
ಚಲೋ ಇತ್ತವ್ವ ಅನ್ನಬೇಕಂತ ಬಾಯಿ ತಗದೆ,
"ಎರಡನೇ ನುಡ್ಯಾಗ ಮ್ಯಾಲಿನ ಸಾ ಒಂದೀಟು ಕೆಳಗ ಬಿತ್ತು" ಅಂದೆ.

ಸುಮ್ಮನಾದಳು.
ಹೋತು, ಇನ್ನ ಮಾತಾಡಂಗಿಲ್ಲ ಅಂದುಕೊಂಡೆ.
"ಎರಡು ವರ್ಷಾತು," ಅಂದಳು,
"ಯಾರರ ನನಗ ಹಿಂಗ ಹೇಳಿ."
ಉದ್ದನ್ನ ವೈರಿನ ಇನ್ನೊಂದು ತುದಿ ಹಿಡದು
ಮೊಳಕೈಗೆ ಸುತ್ತಾಕತ್ತಳು,
ಅದ ನುಡಿ ಬಾಯಾಗ.
ಬಿತ್ತು. ಮತ್ತ ಬಿತ್ತು. ಮೂರನೇದೂ ಬಿತ್ತು.
ನಾಕನೇ ಸಲ ಸಾ ತಾನಾಗೇ ಹತ್ತಿತು.

ಮೈಕು ಆಗಲೇ ಪೆಟಗ್ಯಾಗಿತ್ತು.